ಮೂಗುದಾರ ಬೇಕಾಗಿರುವುದು ಮೆಷಿನ್ನಿಗೆ

ಕಳೆದ ಸಂಚಿಕೆಯಲ್ಲಿ ಸಿಡ್ನಿಯ ಒಬ್ಬ ಓದುಗರ ಪತ್ರ ಹಾಕಿದ್ದೆ. ಕ್ಲಬ್ಬಿನ ಜೂಜಿನ ಮೆಷಿನ್ನಿಗೆ (ಅಲ್ಲಿ ಅದನ್ನು ಪೋಕೀಸ್ ಅನ್ನುತ್ತಾರೆ) ಒಂದೇ ವರ್ಷದಲ್ಲಿ ಒಂದು ಕಾರಿನ ಬೆಲೆಯಷ್ಟು ದುಡ್ಡು ಸುರಿದು, ಊರಿಗೆ ಬರೋಕೆ ಮುಖವಿಲ್ಲದೆ ಕೂತವರ ಪತ್ರ ಅದು. ಅದನ್ನು ಓದಿ ನೀವು ಕಳಿಸಿದ ಪ್ರಶ್ನೆಗಳೇ ರಾಶಿ ಬಿದ್ದಿವೆ. ಹಾಗಾಗಿ ಈ ಸಲ ಬೇರೆ ವಿಷಯವೇ ಬೇಡ ಅಂದುಕೊಂಡೆ. ಹೆಸರು ಬಿಟ್ಟಿದ್ದೇನೆ, ಊರು ಮಾತ್ರ ಉಳಿಸಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮವರು ವಾರಕ್ಕೆ ಮೂರು ಸಲ ಪೋಕೀಸ್ ಆಡೋಕೆ ಹೋಗ್ತಾರೆ. ಕೇಳಿದರೆ, "ಇದು ಮಟ್ಕಾ ಅಲ್ಲ, ಸರ್ಕಾರ ಲೈಸೆನ್ಸ್ ಕೊಟ್ಟಿದೆ, ಮೆಷಿನ್ನನ್ನು ಪರೀಕ್ಷೆ ಮಾಡಿರ್ತಾರೆ, ನೂರಕ್ಕೆ ತೊಂಬತ್ತು ವಾಪಸ್ ಕೊಡಲೇಬೇಕು ಅಂತ ರೂಲ್ಸ್ ಇದೆ" ಅಂತಾರೆ. ಹಾಗಾದರೆ ನಮ್ಮ ಮನೆ ದುಡ್ಡು ಎಲ್ಲಿಗೆ ಹೋಗ್ತಿದೆ? (ಪ್ಯಾರಾಮಟ್ಟಾ, ಸಿಡ್ನಿ)

ಉತ್ತರ: ನಿಮ್ಮ ಯಜಮಾನರು ಹೇಳಿದ್ದರಲ್ಲಿ ಸುಳ್ಳಿಲ್ಲ ತಂಗಿ. ಆದರೆ ಅವರು ಅದನ್ನು ಅರ್ಥ ಮಾಡಿಕೊಂಡ ರೀತಿ ತಪ್ಪು. ತಪ್ಪು ಅವರೊಬ್ಬರದೇ ಅಲ್ಲ, ಆ ಲೆಕ್ಕ ಇರುವುದೇ ಹಾಗೆ.

ನಿಮ್ಮ ನ್ಯೂ ಸೌತ್ ವೇಲ್ಸ್‌ನಲ್ಲಿ ಮೆಷಿನ್ ಕನಿಷ್ಠ ಶೇ 85ರಷ್ಟು ವಾಪಸ್ ಕೊಡಬೇಕು ಎಂಬ ನಿಯಮವಿದೆ. ಬಹಳಷ್ಟು ಮೆಷಿನ್‌ಗಳು ಅದಕ್ಕಿಂತ ಜಾಸ್ತಿಯೇ ಕೊಡುತ್ತವೆ. ತೊಂಬತ್ತು ಅಂತಲೇ ಇಟ್ಟುಕೊಳ್ಳೋಣ. ಇದನ್ನು ಕೇಳಿದವರಿಗೆ, ನೂರು ಡಾಲರ್ ಹಿಡಿದು ಹೋದರೆ ಕೊನೆಗೆ ತೊಂಬತ್ತು ಹಿಡಿದು ಬರಬಹುದು, ಹತ್ತು ಡಾಲರ್ ಮಜಾಕ್ಕೆ ಖರ್ಚಾಯಿತು ಅಂತ ಅನಿಸುತ್ತದೆ. ಹಾಗಲ್ಲ. ಆ ತೊಂಬತ್ತು ಲೆಕ್ಕ ಪ್ರತಿ ಸಲ ಬಟನ್ ಒತ್ತಿದಾಗಿನದು. ನೂರು ಡಾಲರ್ ಒಂದು ಸುತ್ತು ಆಡಿದರೆ ಸರಾಸರಿ ತೊಂಬತ್ತು ಉಳಿಯುತ್ತದೆ. ಆ ತೊಂಬತ್ತನ್ನು ಮತ್ತೆ ಆಡುತ್ತಾರೆ, ಎಂಬತ್ತೊಂದು ಆಗುತ್ತದೆ. ಮತ್ತೆ ಆಡಿದರೆ ಎಪ್ಪತ್ಮೂರರ ಹತ್ತಿರ. ಹೀಗೆ ಏಳು ಸುತ್ತು ಆಗುವಷ್ಟರಲ್ಲಿ ಅರ್ಧಕ್ಕಿಂತ ಕಡಿಮೆ. ಎದ್ದು ಬರದೇ ಇದ್ದರೆ ಸೊನ್ನೆ. ಮೆಷಿನ್ ಕಾನೂನು ಮೀರಲಿಲ್ಲ, ನಿಮ್ಮ ಮನೆ ದುಡ್ಡು ಮಾತ್ರ ಖಾಲಿಯಾಯಿತು.

ಈಗ ಇದಕ್ಕೆ ವೇಗ ಸೇರಿಸಿ ನೋಡಿ. ಒಂದು ಡಾಲರ್ ಕಟ್ಟಿ ನಿಮಿಷಕ್ಕೆ ಹತ್ತು ಸಲ ಒತ್ತಿದರೆ ಗಂಟೆಗೆ 600 ಡಾಲರ್ ಆಟ ನಡೆದ ಹಾಗೆ. ಹತ್ತರಲ್ಲಿ ಒಂದು ಪಾಲು, ಅಂದರೆ 60 ಡಾಲರ್, ಸರಾಸರಿ ಹೋಗುತ್ತದೆ. ನಿಮ್ಮ ರಾಜ್ಯದಲ್ಲಿ ಒಂದು ಸಲಕ್ಕೆ ಹತ್ತು ಡಾಲರ್‌ವರೆಗೂ ಕಟ್ಟಬಹುದು. ಹಾಗೆ ಕಟ್ಟಿದರೆ ಗಂಟೆಗೆ 600 ಡಾಲರ್ ಹೋಗುತ್ತದೆ. 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರಕ್ಕೆ ಸಲಹೆ ಕೊಡುವ ಪ್ರೊಡಕ್ಟಿವಿಟಿ ಕಮಿಷನ್ ಎಂಬ ಸಂಸ್ಥೆ ಇದನ್ನೇ ಕೂಲಂಕಷವಾಗಿ ಲೆಕ್ಕ ಹಾಕಿ, ಜೋರಾಗಿ ಆಡಿದರೆ ಗಂಟೆಗೆ 1,200 ಡಾಲರ್‌ಗಿಂತ ಜಾಸ್ತಿ ಕಳೆದುಕೊಳ್ಳಬಹುದು ಎಂದು ಹೇಳಿತ್ತು. ಒಂದು ಸಲಕ್ಕೆ ಒಂದು ಡಾಲರ್ ಮಿತಿ ಹಾಕಿ ಎಂದು ಸಲಹೆಯನ್ನೂ ಕೊಟ್ಟಿತ್ತು. ಆ ಸಲಹೆ ಕಾಗದದಲ್ಲೇ ಉಳಿಯಿತು.

ಇನ್ನೊಂದು ಮಾತು. ಪರದೆಯಲ್ಲಿ ಒಂದೇ ಚಿತ್ರ ಸಾಲಾಗಿ ಬಂದರೆ ಗೆಲ್ಲುವ ಗೆರೆಗಳಿರುತ್ತವೆ; ಅಂಥ ಇಪ್ಪತ್ತು ಗೆರೆಗಳ ಮೇಲೆ ಒಂದು ಡಾಲರ್ ಕಟ್ಟಿದಾಗ ಯಾವುದೋ ಒಂದು ಗೆರೆಯಲ್ಲಿ ಮೂವತ್ತು ಸೆಂಟ್ ಬರುತ್ತದೆ ಅಂತಿಟ್ಟುಕೊಳ್ಳಿ. ಹೋಗಿದ್ದು ಎಪ್ಪತ್ತು ಸೆಂಟ್. ಆದರೆ ಮೆಷಿನ್ ಗಂಟೆ ಬಾರಿಸುತ್ತದೆ, ದೀಪ ಮಿನುಗಿಸುತ್ತದೆ, ಗೆದ್ದೆ ಗೆದ್ದೆ ಅನ್ನುತ್ತದೆ. ಸೋತವರಿಗೆ ಗೆದ್ದ ಭಾವನೆ ಹುಟ್ಟಿಸುವ ಈ ಕೆಲಸವನ್ನು ಬ್ರಿಟನ್ ತನ್ನ ಆನ್‌ಲೈನ್ ಸ್ಲಾಟ್ (ಇದೇ ಮೆಷಿನ್ ಮಾದರಿಯ) ಆಟಗಳಲ್ಲಿ 2021ರಲ್ಲಿ ನಿಲ್ಲಿಸಿತು. ನಿಮ್ಮ ಯಜಮಾನರಿಗೆ ಇವತ್ತು ಎಷ್ಟು ಸಲ ಗೆದ್ದಿರಿ ಅಂತ ಕೇಳಬೇಡಿ. ಎಷ್ಟು ತೆಗೆದುಕೊಂಡು ಹೋಗಿದ್ದಿರಿ, ಜೇಬಿನಲ್ಲಿ ಎಷ್ಟು ಉಳಿದಿದೆ ಅಂತ ಮಾತ್ರ ಕೇಳಿ.

ಮಾಡಬೇಕಾದ್ದು ಎರಡಿದೆ. ಕ್ಲಬ್ಬುಗಳಲ್ಲಿ "ನನ್ನನ್ನು ಒಳಗೆ ಬಿಡಬೇಡಿ" ಅಂತ ಆಡುವವರೇ ಬರೆದುಕೊಡುವ ಪದ್ಧತಿ ಇದೆ. ಒಂದೇ ಅರ್ಜಿಯಲ್ಲಿ ಹಲವು ಕ್ಲಬ್ಬುಗಳನ್ನು ಸೇರಿಸಬಹುದು. ಅವರ ಮನಸ್ಸು ಸ್ವಲ್ಪ ಮೆತ್ತಗಾಗಿರುವ ದಿನ, ಅಂದರೆ ಸಾಮಾನ್ಯವಾಗಿ ದೊಡ್ಡದಾಗಿ ಸೋತು ಬಂದ ಮಾರನೇ ದಿನ, ಬೈಯದೆ ಪಕ್ಕದಲ್ಲಿ ಕೂತು ಆ ಅರ್ಜಿ ಹಾಕಿಸಿ. ಇನ್ನೊಂದು, 1800 858 858 ಎಂಬ ಸಹಾಯವಾಣಿ. ಅದು ಆಡುವವರಿಗೆ ಮಾತ್ರ ಇರುವುದಲ್ಲ, ಹೆಂಡತಿ ಮಕ್ಕಳೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಇಂಗ್ಲಿಷಿನಲ್ಲಿ ಕಷ್ಟ ಹೇಳಿಕೊಳ್ಳೋಕೆ ಆಗದಿದ್ದರೆ ದುಭಾಷಿ ಬೇಕು ಅಂತ ಕೇಳಿ. ಕೇಳೋಕೆ ಸಂಕೋಚ ಬೇಡ.

ಪ್ರಶ್ನೆ: ನಾನು ಓದೋಕೆ ಬಂದವನು, ರಾತ್ರಿ ಒಂದು ಪಬ್‌ನಲ್ಲಿ ಕೆಲಸ ಮಾಡ್ತೀನಿ. ಪೋಕೀಸ್ ಕೋಣೆಯಲ್ಲಿ ಎಷ್ಟೊಂದು ಎಚ್ಚರಿಕೆ ಫಲಕ, ಸ್ಟಿಕ್ಕರ್, ಕರಪತ್ರ. ನಮಗೂ ತರಬೇತಿ ಕೊಟ್ಟಿದ್ದಾರೆ. ಆದರೂ ದಿನಾ ಅದೇ ಮುಖಗಳು. ಇಷ್ಟು ವರ್ಷದಲ್ಲಿ ಯಾವ ನಿಯಮವಾದರೂ ನಿಜವಾಗಿ ಕೆಲಸ ಮಾಡಿದೆಯಾ ಮೇಡಂ? (ಮೆಲ್ಬರ್ನ್)

ಉತ್ತರ: ಮಾಡಿದೆ ತಮ್ಮಾ. ಯಾವುದು ಮಾಡಿತು, ಯಾವುದು ಮಾಡಲಿಲ್ಲ ಅಂತ ನೋಡಿದರೆ ನಿನ್ನ ರಾಜ್ಯದ ಕಥೆ ಬಹಳ ಕಲಿಸುತ್ತದೆ.

ವಿಕ್ಟೋರಿಯಾದಲ್ಲಿ ಈ ಮೆಷಿನ್‌ಗಳಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1991ರಲ್ಲಿ. ಪಕ್ಕದ ನ್ಯೂ ಸೌತ್ ವೇಲ್ಸ್‌ನಲ್ಲಿ 1956ರಿಂದಲೇ ಇದ್ದವು. 2002ರ ಸೆಪ್ಟೆಂಬರ್‌ನಲ್ಲಿ ವಿಕ್ಟೋರಿಯಾ ಸರ್ಕಾರ ಪೋಕೀಸ್ ಕೋಣೆಯೊಳಗೆ ಸಿಗರೇಟು ಸೇದಬಾರದು ಎಂದು ನಿಯಮ ಮಾಡಿತು. ಅದು ಆರೋಗ್ಯಕ್ಕೆಂದು ತಂದ ನಿಯಮ, ಜೂಜಿಗೆ ಸಂಬಂಧವೇ ಇಲ್ಲ. ಆದರೆ ಮೆಷಿನ್‌ಗಳ ಆದಾಯ ಥಟ್ಟನೆ ಕುಸಿಯಿತು. ಯಾಕೆ ಗೊತ್ತಾ? ಸಿಗರೇಟಿಗೆಂದು ಆಡುವವನು ಎದ್ದು ಹೊರಗೆ ಹೋಗಬೇಕಾಯಿತು. ಹೊರಗೆ ಗಾಳಿ, ಬೆಳಕು, ಓಡಾಡುವ ಜನ. ಐದು ನಿಮಿಷ ಕೈ ಬಟನ್ ಬಿಟ್ಟಿತು. ಆ ಐದು ನಿಮಿಷದಲ್ಲಿ ಒಂದಷ್ಟು ಜನರಿಗೆ ಸಾಕು ಅನಿಸಿ ಮನೆ ದಾರಿ ಹಿಡಿದರು. ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಯಾರೂ ಅವರಿಗೆ ಬುದ್ಧಿ ಹೇಳಿರಲಿಲ್ಲ. ಆಟ ಒಂದು ಕ್ಷಣ ತುಂಡಾಯಿತು, ಅಷ್ಟೇ.

2012ರ ಜುಲೈನಲ್ಲಿ ಅದೇ ಸರ್ಕಾರ ಪೋಕೀಸ್ ಇರುವ ಪಬ್ಬು, ಕ್ಲಬ್ಬುಗಳಿಂದ ಎಟಿಎಂ ತೆಗೆಸಿತು. ಖಾಲಿ ಕೈಯಾದವರು ಹತ್ತು ಹೆಜ್ಜೆ ಹಾಕಿ ಮತ್ತೆ ದುಡ್ಡು ತರುವುದು ಕಷ್ಟವಾಯಿತು. ಆಗಲೂ ಸೋಲುವ ಮೊತ್ತ ಇಳಿಯಿತು. 2024ರ ಆಗಸ್ಟ್‌ನಿಂದ ಬೆಳಗಿನ ಜಾವ ನಾಲ್ಕರಿಂದ ಹತ್ತು ಗಂಟೆವರೆಗೆ ಕ್ಯಾಸಿನೋ ಬಿಟ್ಟು ಉಳಿದ ಎಲ್ಲ ಕಡೆಯೂ ಪೋಕೀಸ್ ಕೋಣೆಗೆ ಬೀಗ ಬೀಳಬೇಕು ಎಂದು ಮಾಡಿದ್ದಾರೆ. ಮೊದಲು ಒಂದು ಕಡೆ ಮುಚ್ಚುವ ಹೊತ್ತಿಗೆ ಇನ್ನೊಂದು ಕಡೆ ತೆರೆದಿರುತ್ತಿತ್ತು, ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ಇಡೀ ದಿನ ಆಡಬಹುದಿತ್ತು. ನೀನು ರಾತ್ರಿ ಪಾಳಿಯವನು, ನಿನಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಕೆಲಸ ಮಾಡದೇ ಇದ್ದದ್ದು. 2015ರ ಕೊನೆಗೆ ಯುವರ್‌ಪ್ಲೇ ಎಂಬ ವ್ಯವಸ್ಥೆ ತಂದರು. ಆಡುವವರು ಮೊದಲೇ ತಮ್ಮ ಮಿತಿ ಹಾಕಿಕೊಳ್ಳಬಹುದು. ವಿಚಾರ ಒಳ್ಳೆಯದೇ. ಆದರೆ ಕಡ್ಡಾಯ ಮಾಡಲಿಲ್ಲ, ಬೇಕಾದವರು ಬಳಸಿ ಅಂತ ಬಿಟ್ಟರು. ಬಳಸಿದವರು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಮಿತಿ ಹಾಕಿಕೊಳ್ಳುವಷ್ಟು ಹಿಡಿತ ಇದ್ದವರಿಗೆ ಅದರ ಅಗತ್ಯ ಇರಲಿಲ್ಲ, ಅಗತ್ಯ ಇದ್ದವರಿಗೆ ಆ ಹಿಡಿತ ಇರಲಿಲ್ಲ.

ನಿನ್ನ ಸ್ಟಿಕ್ಕರಿನ ವಿಷಯಕ್ಕೆ ಬರ್ತೀನಿ. ಮಗಳ ಮನೆಯಲ್ಲಿದ್ದಾಗ ಮೆಲ್ಬರ್ನಿನ ಪಶ್ಚಿಮದ ಕಡೆಯ ಒಂದು ಕ್ಲಬ್ಬಿಗೆ ಊಟಕ್ಕೆ ಹೋಗಿದ್ದೆವು. ಊಟ ಅಗ್ಗ, ಮಕ್ಕಳಿಗೆ ಆಟದ ಜಾಗ ಬೇರೆ. ಕೈ ತೊಳೆಯೋಕೆ ಹೋದವಳು ದಾರಿ ತಪ್ಪಿ ಪೋಕೀಸ್ ಕೋಣೆಗೆ ಹೋಗಿಬಿಟ್ಟೆ. ಹೊರಗೆ ಮಧ್ಯಾಹ್ನ ಎರಡು ಗಂಟೆಯ ಬಿಸಿಲು, ಒಳಗೆ ಅದು ರಾತ್ರಿಯೋ ಹಗಲೋ ಗೊತ್ತಾಗುತ್ತಿರಲಿಲ್ಲ. ನನ್ನ ವಯಸ್ಸಿನವರೇ ಒಬ್ಬರು ಕೂತಿದ್ದರು. ಕಾಫಿ ಮೇಲೆ ಕೆನೆ ಕಟ್ಟಿ ಆರಿ ಹೋಗಿತ್ತು. ಎಡಗೈ ಮಡಿಲಲ್ಲಿದ್ದ ಪರ್ಸಿನ ಮೇಲೆ, ಬಲಗೈಯ ಒಂದು ಬೆರಳು ಬಟನ್ ಮೇಲೆ. ಆ ಬಟನ್ ಮೇಲಿನ ಅಕ್ಷರ ಸವೆದು ಅಳಿಸಿಹೋಗಿತ್ತು. ನಾನು ಹತ್ತು ನಿಮಿಷ ನಿಂತಿದ್ದೆ. ಮೂರು ಸಲ ಮೆಷಿನ್ ಹಾಡಿತು, ಅವರು ಒಂದು ಸಲವೂ ನಗಲಿಲ್ಲ. ಪರದೆಯ ಕೆಳಗೆ ಸಹಾಯವಾಣಿ ಸಂಖ್ಯೆಯ ಸ್ಟಿಕ್ಕರ್ ಇತ್ತು. ಅದರ ಮೇಲೆ ಅವರು ತಮ್ಮ ಟಿಶ್ಯೂ ಪೊಟ್ಟಣ ಇಟ್ಟುಕೊಂಡಿದ್ದರು. ಬೇಕಂತ ಮುಚ್ಚಿದ್ದಲ್ಲ, ಅಲ್ಲಿ ಜಾಗ ಇತ್ತು ಅಂತ ಇಟ್ಟಿದ್ದರು. ಅವತ್ತಿನಿಂದ ಎಚ್ಚರಿಕೆ ಫಲಕಗಳ ಮೇಲೆ ನನಗೆ ನಂಬಿಕೆ ಹೋಯಿತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಮೆಷಿನ್ನಿನ ವೇಗ, ಕಟ್ಟುವ ಮೊತ್ತ, ತೆರೆದಿರುವ ಹೊತ್ತು, ದುಡ್ಡು ಕೈಗೆ ಸಿಗುವ ದೂರ, ಇವನ್ನು ಮುಟ್ಟಿದ ನಿಯಮ ಕೆಲಸ ಮಾಡುತ್ತದೆ. ಆಡುವವನಿಗೆ ಉಪದೇಶ ಮಾಡಿ ಮೆಷಿನ್ನನ್ನು ಹಾಗೇ ಬಿಡುವ ನಿಯಮ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಗೊತ್ತಿದ್ದೂ ಸರ್ಕಾರಗಳು ಸುಮ್ನೆ ಯಾಕೆ ಕೂತಿವೆ? ಪೂರ್ತಿ ಕಿತ್ತು ಹಾಕಿದ ಒಂದು ದೇಶವಾದರೂ ಇದೆಯೇ? ಹಾಗೆ ಕಿತ್ತರೆ ಜನ ಕಳ್ಳದಾರಿ ಹಿಡಿಯುತ್ತಾರೆ ಅನ್ನುತ್ತಾರಲ್ಲ, ಅದು ನಿಜವೇ? (ನಿವೃತ್ತ ಶಿಕ್ಷಕರು, ದಾವಣಗೆರೆ)

ಉತ್ತರ: ಇದೆ ಮೇಷ್ಟ್ರೇ, ನಾರ್ವೆ. ಅಲ್ಲಿ ಅಂಗಡಿ, ಪೆಟ್ರೋಲ್ ಬಂಕು, ಮಾಲ್, ಎಲ್ಲಿ ನೋಡಿದರೂ ಈ ಮೆಷಿನ್‌ಗಳಿದ್ದವು. ಲಾಭದ ಒಂದು ಪಾಲು ರೆಡ್ ಕ್ರಾಸ್‌ನಂಥ ಸೇವಾ ಸಂಸ್ಥೆಗಳಿಗೆ ಹೋಗುತ್ತಿತ್ತು. ಹಾಗಾಗಿ ಮುಟ್ಟುವುದು ಸುಲಭವಿರಲಿಲ್ಲ. ಒಳ್ಳೆಯ ಕೆಲಸಕ್ಕೆ ಬರುವ ದುಡ್ಡಿಗೆ ಕಲ್ಲು ಹಾಕುತ್ತೀರಾ ಅಂತ ಕೇಳುವವರು ಇದ್ದೇ ಇದ್ದರು.

ಅವರು ಹೆಜ್ಜೆ ಹೆಜ್ಜೆಯಾಗಿ ಮುಂದೆ ಹೋದರು. 2006ರ ಜುಲೈನಲ್ಲಿ ಮೆಷಿನ್‌ಗಳು ನೋಟು ನುಂಗುವುದನ್ನು ನಿಲ್ಲಿಸಿದರು, ಚಿಲ್ಲರೆ ನಾಣ್ಯ ಮಾತ್ರ ಹಾಕಬಹುದು. ಅಷ್ಟಕ್ಕೇ ಆಟ ಬಹಳ ಕಡಿಮೆಯಾಯಿತು, ಹದಿಹರೆಯದ ಮಕ್ಕಳಲ್ಲೂ ಕೂಡ. ಒಂದು ವರ್ಷ ಬಿಟ್ಟು, 2007ರ ಜುಲೈ 1ಕ್ಕೆ, ಖಾಸಗಿಯವರ ಎಲ್ಲ ಮೆಷಿನ್‌ಗಳನ್ನೂ ತೆಗೆಸಿದರು. ಮೆಷಿನ್ ಮಾಲೀಕರು ಕೋರ್ಟಿಗೆ ಹೋದರು, ವಿಷಯ ಯುರೋಪಿನ ಇಫ್ಟಾ ಎಂಬ ವ್ಯಾಪಾರ ಒಕ್ಕೂಟದ ನ್ಯಾಯಾಲಯದವರೆಗೂ ಹೋಯಿತು, 2007ರಲ್ಲಿ ಅಲ್ಲೂ ಸರ್ಕಾರಕ್ಕೇ ಗೆಲುವು. ಆಮೇಲೆ ಸರ್ಕಾರದ್ದೇ ಸಂಸ್ಥೆ ನೋರ್ಸ್ಕ್ ಟಿಪ್ಪಿಂಗ್ ಬೇರೆ ರೀತಿಯ ಮೆಷಿನ್ ತಂದಿತು. ಸಂಖ್ಯೆ ಬಹಳ ಕಡಿಮೆ. ಆಡೋಕೆ ಹೆಸರಿರುವ ಕಾರ್ಡ್ ಬೇಕೇ ಬೇಕು. ದಿನಕ್ಕಿಷ್ಟು, ತಿಂಗಳಿಗಿಷ್ಟು ಸೋತರೆ ಮೆಷಿನ್ ಅವತ್ತಿಗೆ ಆ ಕಾರ್ಡಿಗೆ ಆಟವೇ ಕೊಡುವುದಿಲ್ಲ. ಒಂದು ಗಂಟೆ ಆಡಿದರೆ ಕಡ್ಡಾಯ ಬಿಡುವು. ವಿಕ್ಟೋರಿಯಾದಲ್ಲಿ ಬೇಕಾದವರಿಗೆ ಅಂತ ಬಿಟ್ಟಿದ್ದನ್ನು ಇಲ್ಲಿ ಎಲ್ಲರಿಗೂ ಕಡ್ಡಾಯ ಮಾಡಿದರು. ವ್ಯತ್ಯಾಸ ಅಷ್ಟೇ, ಆದರೆ ಫಲ ಬೇರೆ. ಸಹಾಯವಾಣಿಗೆ ಬರುವ ಕರೆಗಳು ಇಳಿದವು.

ಕಳ್ಳದಾರಿಯ ಪ್ರಶ್ನೆ ನ್ಯಾಯವಾದದ್ದು. ಕೆಲವರು ವಿದೇಶಿ ಆನ್‌ಲೈನ್ ಜೂಜಿಗೆ ಹೋದರು, ಅದು ಸುಳ್ಳಲ್ಲ. ಆದರೆ ಕಿತ್ತ ಮೆಷಿನ್‌ಗಳ ಜಾಗ ಅದರಿಂದ ಪೂರ್ತಿ ತುಂಬಲಿಲ್ಲ. ರಸ್ತೆ ತಿರುವಿನಲ್ಲಿ ಕಣ್ಣಿಗೆ ಬೀಳುವಾಗ ಆಡುತ್ತಿದ್ದ ಎಷ್ಟೋ ಜನ, ಅದು ಕಾಣದಾದ ಮೇಲೆ ಹುಡುಕಿಕೊಂಡು ಹೋಗಲಿಲ್ಲ. ಸಾರಾಯಿ ಅಂಗಡಿ ಮನೆ ಎದುರು ಇದ್ದರೆ ಕುಡಿಯುವವನು ಒಂದಷ್ಟು, ಹತ್ತು ಮೈಲಿ ದೂರ ಇದ್ದರೆ ಒಂದಷ್ಟು. ನಮ್ಮ ಹಳ್ಳಿಗಳಲ್ಲಿ ಇದನ್ನು ಕಂಡವರಿಗೆ ನಾರ್ವೆಯ ವಿಷಯ ಆಶ್ಚರ್ಯ ಅನಿಸುವುದಿಲ್ಲ.

ಬ್ರಿಟನ್ನಿನದು ಇನ್ನೊಂದು ರೀತಿ. ಅಲ್ಲಿನ ಬೆಟ್ಟಿಂಗ್ ಅಂಗಡಿಗಳಲ್ಲಿ 20 ಸೆಕೆಂಡಿಗೊಮ್ಮೆ 100 ಪೌಂಡ್ ಕಟ್ಟಬಹುದಾದ ಮೆಷಿನ್‌ಗಳಿದ್ದವು. ಒಂದು ಅಂಗಡಿಗೆ ನಾಲ್ಕೇ ಮೆಷಿನ್ ಅಂತ ಮಿತಿ ಹಾಕಿದ್ದರು. ಅದಕ್ಕೇನಾಯಿತು ನೋಡಿ, ಒಂದೇ ಬೀದಿಯಲ್ಲಿ ಸಾಲಾಗಿ ಅಂಗಡಿಗಳು ಎದ್ದವು. ಕೊನೆಗೆ ಸರ್ಕಾರ 100 ಪೌಂಡನ್ನು 2 ಪೌಂಡಿಗೆ ಇಳಿಸುತ್ತೇವೆ ಅಂತ ಒಪ್ಪಿತು, ಆದರೆ ಜಾರಿ ತಡ ಮಾಡಿತು. ಆ ತಡವನ್ನು ಒಪ್ಪದೆ ಕ್ರೀಡಾ ಸಚಿವೆ ಟ್ರೇಸಿ ಕ್ರೌಚ್ 2018ರ ನವೆಂಬರ್‌ನಲ್ಲಿ ರಾಜೀನಾಮೆ ಬಿಸಾಕಿದರು. ಸರ್ಕಾರ ಮಣಿಯಿತು, 2019ರ ಏಪ್ರಿಲ್ 1ರಿಂದ 2 ಪೌಂಡ್ ಮಿತಿ ಜಾರಿಗೆ ಬಂತು. ಕೆಲವೇ ತಿಂಗಳಲ್ಲಿ ಒಂದು ದೊಡ್ಡ ಕಂಪನಿ, ವಿಲಿಯಂ ಹಿಲ್, ತನ್ನ ಸುಮಾರು 700 ಅಂಗಡಿ ಮುಚ್ಚುವ ಯೋಚನೆ ಇದೆ ಎಂದು ಹೇಳಿತು. ಕೆಲಸ ಕಳೆದುಕೊಳ್ಳುವವರ ಬಗ್ಗೆ ನನಗೂ ಬೇಸರವಿದೆ. ಆದರೆ ಒಂದು ಸಲಕ್ಕೆ ನೂರು ಪೌಂಡ್ ಸುರಿಯುವವರು ಇಲ್ಲದಿದ್ದರೆ ಒಂದು ಅಂಗಡಿ ನಡೆಯುವುದೇ ಇಲ್ಲ ಅಂದರೆ, ಆ ಅಂಗಡಿ ಯಾರ ಮನೆ ಅನ್ನದಿಂದ ನಡೆಯುತ್ತಿತ್ತು ಅಂತ ಯೋಚಿಸಬೇಕಲ್ವಾ?

ಅಂಗಡಿಗೆ ಮಿತಿ ಬಂತು, ಫೋನಿನೊಳಗಿನ ಸ್ಲಾಟ್‌ಗೆ ಇರಲಿಲ್ಲ. ಅದಕ್ಕೂ 2025ರಲ್ಲಿ ಮಿತಿ ತಂದರು: 25 ತುಂಬಿದವರಿಗೆ ಒಂದು ಸಲಕ್ಕೆ 5 ಪೌಂಡ್, 18ರಿಂದ 24ರವರಿಗೆ 2 ಪೌಂಡ್. ಆರು ವರ್ಷ ತಡ. ಆ ಆರು ವರ್ಷ ಒಂದು ಬಾಗಿಲು ಮುಚ್ಚಿ ಪಕ್ಕದ ಬಾಗಿಲು ತೆರೆದಿಟ್ಟ ಹಾಗಾಯಿತು.

ಸರ್ಕಾರಗಳು ಯಾಕೆ ಸುಮ್ಮನಿವೆ ಅಂದಿರಿ. ಪ್ರಯತ್ನಿಸಿದವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ 2010ರ ಚುನಾವಣೆ ಆದ ಮೇಲೆ ಯಾರಿಗೂ ಬಹುಮತ ಇರಲಿಲ್ಲ. ಟ್ಯಾಸ್ಮೇನಿಯಾದ ಪಕ್ಷೇತರ ಸಂಸದ ಆ್ಯಂಡ್ರ್ಯೂ ವಿಲ್ಕಿ, ಪೋಕೀಸ್ ಆಡುವವರು ಮೊದಲೇ ಮಿತಿ ಹಾಕಿಕೊಳ್ಳುವುದನ್ನು ಕಡ್ಡಾಯ ಮಾಡಿ, ಆಗ ಬೆಂಬಲ ಕೊಡುತ್ತೇನೆ ಅಂದರು. ಪ್ರಧಾನಿ ಜೂಲಿಯಾ ಗಿಲಾರ್ಡ್ ಒಪ್ಪಿದರು. ಕ್ಲಬ್ಬುಗಳ ಸಂಘ ದೇಶವೆಲ್ಲಾ ದೊಡ್ಡ ಪ್ರಚಾರ ಮಾಡಿ, ಹಿಂದಿನ ಬೆಂಚಿನ ಸಂಸದರ ಬೆವರಿಳಿಸಿತು. 2012ರ ಜನವರಿಯಲ್ಲಿ ಗಿಲಾರ್ಡ್ ಮಾತಿನಿಂದ ಹಿಂದೆ ಸರಿದರು, ವಿಲ್ಕಿ ಬೆಂಬಲ ವಾಪಸ್ ತೆಗೆದುಕೊಂಡರು. ಮೆಷಿನ್‌ಗಳು ಹಾಗೇ ಉಳಿದವು. ದುಡ್ಡು ಇದ್ದ ಕಡೆ ದನಿಯೂ ಜೋರಿರುತ್ತದೆ. ಸೋತು ಮನೆಯಲ್ಲಿ ಕೂತವನು ಪತ್ರಿಕೆಯಲ್ಲಿ ಜಾಹೀರಾತು ಕೊಡೋಕೆ ಆಗುತ್ತಾ?

ಪ್ರಶ್ನೆ: ತೆರಿಗೆ ಬರುತ್ತದೆ, ಅದರಿಂದ ಆಸ್ಪತ್ರೆ ಶಾಲೆ ನಡೆಯುತ್ತದೆ. ಜೂಜು ಆಡುವವರು ಹೇಗೂ ಆಡುತ್ತಾರೆ, ಸರ್ಕಾರಕ್ಕೆ ಲಾಭವಾದರೂ ಆಗಲಿ ಅಲ್ವಾ? (ಮೈಸೂರು)

ಉತ್ತರ: ಇದನ್ನು ನಾನು ಒಪ್ಪುವುದಿಲ್ಲ. ಆ ತೆರಿಗೆ ಯಾರಿಂದ ಬರುತ್ತದೆ ಎನ್ನುವುದೇ ಮುಖ್ಯ. ಮೇಲೆ ಹೇಳಿದ 2010ರ ವರದಿಯ ಪ್ರಕಾರ, ಪೋಕೀಸ್‌ಗೆ ಹೋಗುವ ದುಡ್ಡಿನಲ್ಲಿ ಸುಮಾರು ಶೇ 40 ಭಾಗ ಚಟಕ್ಕೆ ಬಿದ್ದು ಕಷ್ಟದಲ್ಲಿರುವವರದೇ. ಅಂದರೆ ವಾರಕ್ಕೊಮ್ಮೆ ಹತ್ತು ಡಾಲರ್ ಆಡಿ ನಗುತ್ತಾ ಮನೆಗೆ ಹೋಗುವವರಿಂದ ಇಡೀ ಖಜಾನೆ ತುಂಬುತ್ತಿಲ್ಲ. ಒಂದು ಕಡೆ ಅವರಿಂದ ತೆರಿಗೆ, ಇನ್ನೊಂದು ಕಡೆ ಅವರಿಗಾಗಿಯೇ ಸಹಾಯವಾಣಿ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಕೆಲಸ ಇದು. ಒಂದು ಸಲ ಬಜೆಟ್ಟಿನಲ್ಲಿ ಆ ಸಾಲು ಸೇರಿತೆಂದರೆ ಮುಂದಿನ ಯಾವ ಹಣಕಾಸು ಮಂತ್ರಿಗೂ ಅದನ್ನು ಅಳಿಸುವ ಧೈರ್ಯ ಬರುವುದಿಲ್ಲ. ಬ್ರಿಟನ್ನಿನಲ್ಲೇ ನೋಡಿ, ಮೆಷಿನ್ ಮಿತಿಯಿಂದ ಹೋಗುವ ಆದಾಯ ತುಂಬಿಕೊಳ್ಳೋಕೆ ಆನ್‌ಲೈನ್ ಜೂಜಿನ ತೆರಿಗೆಯನ್ನು ಶೇ 15ರಿಂದ 21ಕ್ಕೆ ಏರಿಸಿದರು. ತೆರಿಗೆ ಏರಿಸಿದ್ದು ಸರಿಯೇ. ಆದರೆ ಖಜಾನೆಯ ಕಣ್ಣು ಜೂಜಿನ ಮೇಲಿಂದ ಕದಲಲೇ ಇಲ್ಲ.

ಪ್ರಶ್ನೆ: ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ವಿಡಿಯೋ ಗೇಮ್ ಪಾರ್ಲರ್‌ಗಳಿದ್ದವು. ಕಾಲೇಜು ತಪ್ಪಿಸಿ ಹೋಗುತ್ತಿದ್ದೆವು. ಕೆಲವು ಕಡೆ ಹಿಂದಿನ ಕೋಣೆಯಲ್ಲಿ ದುಡ್ಡಿನ ಆಟವೂ ನಡೆಯುತ್ತಿತ್ತು. ಆಗ ನಮ್ಮಲ್ಲಿ ಕಾನೂನು ಇರಲಿಲ್ಲವೇ? (ರಾಜಾಜಿನಗರ, ಬೆಂಗಳೂರು)

ಉತ್ತರ: ಇತ್ತು. ಬೆಂಗಳೂರು ನಗರಕ್ಕೆಂದೇ 1989ರ ಲೈಸೆನ್ಸ್ ಆದೇಶ ಇತ್ತು, ಪೊಲೀಸ್ ಕಮಿಷನರ್ ಅನುಮತಿ ಬೇಕಿತ್ತು. ಪಾರ್ಲರ್ ಮಾಲೀಕರು, ಇದು ಕೈಚಳಕದ ಆಟ, ಲೈಸೆನ್ಸ್ ಯಾಕೆ ಅಂತ ಸುಪ್ರೀಂ ಕೋರ್ಟಿನವರೆಗೆ ಹೋದರು. 1995ರಲ್ಲಿ ತೀರ್ಪು ಬಂತು, ಎಂ. ಜೆ. ಶಿವಾನಿ ವಿರುದ್ಧ ಕರ್ನಾಟಕ ಸರ್ಕಾರ ಅಂತ ಆ ಕೇಸಿನ ಹೆಸರು. ವಿಡಿಯೋ ಆಟಗಳಿಗೂ ಲೈಸೆನ್ಸ್ ಬೇಕು, ಸರ್ಕಾರ ನಿಯಂತ್ರಿಸಬಹುದು ಎಂದು ಕೋರ್ಟ್ ಹೇಳಿತು. ಮೆಷಿನ್ನನ್ನು ತಿದ್ದಿ ಫಲಿತಾಂಶವನ್ನೇ ಬದಲಿಸಬಹುದು ಎನ್ನುವುದನ್ನೂ ಗಮನಿಸಿತು. ಪೋಕೀಸ್ ವಿಷಯದಲ್ಲಿ ನಾನು ಹೇಳುತ್ತಿರುವುದೂ ಅದನ್ನೇ, ಮೆಷಿನ್ ಒಳಗೆ ಏನಿದೆ ಅಂತ ಆಡುವವನಿಗೆ ಕಾಣುವುದಿಲ್ಲ.

ಆಮೇಲೆ ಆಟ ಪಾರ್ಲರ್ ಬಿಟ್ಟು ಫೋನಿಗೆ ಬಂತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ದುಡ್ಡಿನ ಆಟಗಳನ್ನು ನಿಷೇಧಿಸಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ತಕ್ಕಡಿಗೆ ಹಾಕಿದಿರಿ ಎಂದು ಹೈಕೋರ್ಟ್ 2022ರ ಫೆಬ್ರುವರಿ 14ರಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವೇ ಕಾಯ್ದೆ ತಂದು ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಈ ಒಂದು ಅಂಶ ನನಗೆ ಬಹಳ ಸರಿ ಅನಿಸಿತು. ಸೋತವನನ್ನು ಅಪರಾಧಿ ಮಾಡಿದರೆ ಅವನು ಮನೆಯವರ ಹತ್ತಿರವೂ ಬಾಯಿ ಬಿಡುವುದಿಲ್ಲ.

ಪ್ರಶ್ನೆ: ಮಗನಿಗೆ ಇಪ್ಪತ್ತಾರು. ಗೆಳೆಯರ ಜೊತೆ ತಿಂಗಳಿಗೆರಡು ಸಲ ಪಣಜಿಗೆ ಹೋಗ್ತಾನೆ. ಮೊದಲು ಸುತ್ತಾಡೋಕೆ ಅಂದುಕೊಂಡಿದ್ದೆ. ಈಗ ಅಲ್ಲಿನ ಕ್ಯಾಸಿನೋದಲ್ಲಿ ಜೂಜಾಡೋಕೆ ನನ್ನ ಬಳೆ ಅಡ ಇಟ್ಟಿದ್ದು ಗೊತ್ತಾಯಿತು. ಗೋವಾ ಸರ್ಕಾರಕ್ಕೆ ಇದನ್ನು ಕೇಳುವವರಿಲ್ಲವೇ? (ಹೆಸರು ಬೇಡ, ಬೆಳಗಾವಿ)

ಉತ್ತರ: ನಿಮ್ಮ ಪತ್ರ ಓದಿ ಹೊಟ್ಟೆ ಉರಿಯಿತು ಅಕ್ಕಾ. ಗೋವಾ 1992ರಲ್ಲಿ ಕಾನೂನು ತಿದ್ದಿ ಪಂಚತಾರಾ ಹೋಟೆಲ್‌ಗಳಲ್ಲಿ ಸ್ಲಾಟ್ ಮೆಷಿನ್‌ಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಮಾಂಡೋವಿ ನದಿಯ ಮೇಲೆ ಕ್ಯಾಸಿನೋ ಹಡಗುಗಳು ಬಂದವು. 21 ವರ್ಷ ತುಂಬಿದವರಿಗೆ ಪ್ರವೇಶ. ಆದರೆ ಒಂದು ವಿಷಯ ನಿಮಗೆ ಗೊತ್ತಿರಬೇಕು. 2020ರ ಫೆಬ್ರುವರಿ 1ರಿಂದ ಗೋವಾದವರೇ ಕ್ಯಾಸಿನೋದಲ್ಲಿ ಆಡಬಾರದು ಅಂತ ಅಲ್ಲಿನ ಸರ್ಕಾರ ನಿಯಮ ಮಾಡಿದೆ. ಇದು ಮನೆ ಹಾಳು ಮಾಡುವ ಆಟ ಎಂದು ಅವರಿಗೆ ಚೆನ್ನಾಗಿ ಗೊತ್ತು. ತಮ್ಮ ಮಕ್ಕಳನ್ನು ಕಾಪಾಡಿಕೊಂಡರು. ಚೋರ್ಲಾ ಘಾಟಿ ಇಳಿದು ಹೋಗುವ ನಮ್ಮ ಬೆಳಗಾವಿ, ಹುಬ್ಬಳ್ಳಿ ಹುಡುಗರಿಗೆ ಬಾಗಿಲು ತೆರೆದೇ ಇದೆ. ಸೋಲು ಅಲ್ಲಿ, ಸಾಲ ಇಲ್ಲಿ. ಇದನ್ನು ನಮ್ಮ ಸರ್ಕಾರ ಆ ಸರ್ಕಾರದ ಜೊತೆ ಕೂತು ಮಾತಾಡಬೇಕು. ನಮ್ಮ ಶಾಸಕರನ್ನು ನಾವು ಕೇಳಬೇಕು.

ಸಿಂಗಪುರದಲ್ಲೂ ಕ್ಯಾಸಿನೋ ಇದೆ. ಅಲ್ಲಿ ದೇಶದವರು ಒಳಗೆ ಹೋಗಬೇಕಾದರೆ ದಿನಕ್ಕೆ 150 ಸಿಂಗಪುರ ಡಾಲರ್ ಕಟ್ಟಬೇಕು. ಅದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು: ಮನೆಯವರೇ ಅರ್ಜಿ ಹಾಕಿ, ನಮ್ಮ ಮಗನನ್ನು, ನಮ್ಮ ಗಂಡನನ್ನು ಒಳಗೆ ಬಿಡಬೇಡಿ ಅಂತ ಆದೇಶ ಪಡೆಯಬಹುದು. ಬಳೆ ಅಡ ಇಡಲ್ಪಟ್ಟ ತಾಯಿಗೆ ಅಂಥ ಒಂದು ಹಕ್ಕು ನಮ್ಮಲ್ಲೂ ಬೇಕು.

ಅದು ಬರುವವರೆಗೆ ನೀವು ಮಾಡಬಹುದಾದದ್ದು ಹೇಳ್ತೀನಿ. ಅವನ ಸಾಲ ಒಂದೇ ಸಲಕ್ಕೆ ತೀರಿಸಿಬಿಡಬೇಡಿ. ತೀರಿಸಿದ ದಿನವೇ ಅವನ ಕೈ ಹಗುರವಾಗಿ ಮತ್ತೆ ಹೋಗುತ್ತಾನೆ. ಮೊದಲು ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾವ ಆ್ಯಪ್‌ನಲ್ಲಿ ಎಷ್ಟು ಅಂತ ಎಲ್ಲವನ್ನೂ ಅವನ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಸಿ. ಒಂದನ್ನು ಮುಚ್ಚಿಟ್ಟೇ ಇಟ್ಟಿರುತ್ತಾನೆ, ಎರಡನೇ ದಿನ ಇನ್ನೊಮ್ಮೆ ಕೇಳಿ. ಸಂಬಳದ ಖಾತೆಯ ಕಾರ್ಡು ಕೆಲವು ತಿಂಗಳು ನಿಮ್ಮ ಹತ್ತಿರ ಇರಲಿ, ಅವನ ಒಪ್ಪಿಗೆಯಿಂದಲೇ ಇರಲಿ. 14416 ಟೆಲಿ ಮಾನಸ್ ಸಂಖ್ಯೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಯಾವಾಗ ಬೇಕಾದರೂ ಸಿಗುತ್ತದೆ. ಮೊದಲ ಸಲ ನೀವು ಮಾಡಿ, ಎರಡನೇ ಸಲ ಅವನ ಪಕ್ಕ ಕೂತು ಅವನಿಂದ ಮಾಡಿಸಿ. ಬಳೆ ಬಿಡಿಸಿಕೊಳ್ಳುವ ರಶೀದಿ ಮಾತ್ರ ಇವತ್ತೇ ಅವನಿಂದ ಇಸಿದುಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.